ಷರಾ

ಗುತ್ಯಪ್ಪನವರು ನಿವೃತ್ತರಾದ ದಿನ ನನ್ನ ಕೈಗಿಟ್ಟದ್ದು
ಒಂದು ಕ್ರಿಂಪಿಂಗ್ ಇಕ್ಕಳ, ಅರ್ಧ ಸುತ್ತು ನೀಲಿ ಕೇಬಲ್ಲು,
ಕೆಂಪು ರಟ್ಟಿನ ಉದ್ದ ಪುಸ್ತಕ.
ಮಾಚೇನಹಳ್ಳಿಯ ಈ ಫೌಂಡ್ರಿಯಲ್ಲಿ
ಯಾವ ಕಂಪ್ಯೂಟರಿಗೆ ಯಾವ ಐಪಿ ಎಂಬುದು
ಅದರಲ್ಲಿ ಬಿಟ್ಟರೆ ಅವರ ತಲೆಯಲ್ಲಿ.

ನಂಬರು, ಹೆಸರು, ವಿಭಾಗ, ಷರಾ.
ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು:
ಇಷ್ಟು ಎಲ್ಲರಿಗೂ ಒಂದೇ, ಮನೆತನದ ಹೆಸರಿನ ಹಾಗೆ.
ಕೊನೆಯದು ಮಾತ್ರ ಅವರವರದು.
ಸರ್ವರು, ಪ್ರಿಂಟರು, ವೇಬ್ರಿಡ್ಜು ಶಾಯಿಯಲ್ಲಿ;
ಜನ ಕೂರುವ ಯಂತ್ರಗಳು ಪೆನ್ಸಿಲ್ಲಿನಲ್ಲಿ.
"ಜನ ಬದಲಾಗ್ತಾರೆ ಶಾಹಿದಾ,
ತೂಕದ ಕಾಟಾ ಎಲ್ಲಿಗೆ ಹೋಗ್ತದೆ?"

ಮಾರ್ಚ್ ಎರಡನೇ ವಾರ, ವರ್ಷದ ಲೆಕ್ಕದ ಗಡಿಬಿಡಿ.
ದಿನಾ ಹತ್ತೂವರೆಗೆ ಸರಿಯಾಗಿ
ಡಿಸ್ಪ್ಯಾಚಿನ ಷಡಕ್ಷರಿಯವರ ಯಂತ್ರಕ್ಕೆ ಉಸಿರು ಕಟ್ಟುತ್ತದೆ.
ಗೇಟಿನಲ್ಲಿ ಮೂರು ಲಾರಿ, ಬಿಲ್ಲಿಲ್ಲದೆ ಗುರುಗುಡುತ್ತ.
ತೆರೆಯ ಮೂಲೆಯಲ್ಲಿ ಹಳದಿ ತ್ರಿಕೋನ:
ಈ ವಿಳಾಸ ಇನ್ನೊಬ್ಬರ ಬಳಿಯೂ ಇದೆ.
"ನನ್ನ ಕುರ್ಚೀಲಿ ಇನ್ಯಾರಮ್ಮ ಕೂತಿರೋದು?"
ಲ್ಯಾಬಿನ ಐರಿನ್ ಮೇಲೆ ಅವರ ಅನುಮಾನ,
ಆಕೆಗೆ ಹೊಸ ಯಂತ್ರ ಬಂದದ್ದೂ ಅದೇ ವಾರ.
ಐರಿನ್ ಚಹಾಕ್ಕೆ ಬರುವುದನ್ನೇ ಬಿಟ್ಟಳು.

ಪಿಂಗ್ ಹೊಡೆದೆ.
ಹೊಸನಗರದ ನನ್ನ ದಾದಿ
ಗುಡ್ಡದಾಚೆಯವರನ್ನು ಕರೆಯಲು ಕೂ ಹಾಕುತ್ತಿದ್ದಳು.
ಓ ಬಂದರೆ ಜನ ಇದ್ದಾರೆಂದು ಲೆಕ್ಕ.
ಕತ್ತಲಾದ ಮೇಲೆ ಯಾರಾದರೂ ಕರೆದರೆ ಮಾತ್ರ
ಮೂರು ಸಲ ಕೇಳುವ ತನಕ ಓಗೊಡಬಾರದು.
ಇದು ನಾಲ್ಕು ಸಲ ಕರೆಯುತ್ತದೆ, ಹೆದರಿಕೆಯಿಲ್ಲ.
ನಾಲ್ಕಕ್ಕೂ ಓ ಬಂತು.
ಷಡಕ್ಷರಿಯವರ ಕೇಬಲ್ಲು
ಕಿತ್ತದ್ದು ನನ್ನ ಕೈಯಲ್ಲೇ ಇತ್ತು.

ಸ್ವಿಚ್ಚಿನಲ್ಲಿ ಮಿಣುಗುತ್ತಿದ್ದದ್ದು ಹದಿನೇಳನೇ ಪೋರ್ಟು.
ಅದರ ಕೇಬಲ್ಲಿನ ಬೆನ್ನು ಹಿಡಿದು
ಕೋರ್ ಶಾಪ್ ದಾಟಿ, ಸುಟ್ಟ ಮರಳಿನ ರಾಶಿ ಸುತ್ತಿ
ಹಳೇ ಮೌಲ್ಡಿಂಗ್ ಶೆಡ್ಡಿಗೆ ಹೋದೆ.
ಕಂಟ್ರಾಕ್ಟರನ ಹುಡುಗ ಗ್ರೈಂಡರ್ ಹಚ್ಚಿದ್ದ.
ಮೊನ್ನೆಯಿಂದ ಇಲ್ಲೇ ಕೆಲಸವಂತೆ,
ಹತ್ತೂವರೆಗೆ ಮೇನ್ ಸ್ವಿಚ್ಚು ಹಾಕುತ್ತಾನಂತೆ.
ಅವನ ಬೆನ್ನ ಹಿಂದೆ ಗೋಡೆಯಲ್ಲಿ
ಹಾಜರಿ ಯಂತ್ರ, ಕಪ್ಪು ಧೂಳಿನಡಿ ಹಸಿರಾಗಿ ಎಚ್ಚರ.
ತಾರೀಖು: ಎರಡು ಸಾವಿರದ ಇಸವಿ, ಜನವರಿ ಒಂದು.
ಬೆರಳಿಟ್ಟೆ.
ಗುರುತು ಸಿಗಲಿಲ್ಲ, ಮತ್ತೊಮ್ಮೆ ಇಡಿ
ಎಂದಿತು ಇಂಗ್ಲಿಷಿನಲ್ಲಿ, ತುಂಬ ಮರ್ಯಾದೆಯಿಂದ.

ಪುಸ್ತಕ ತೆರೆದೆ. ಇಪ್ಪತ್ಮೂರು.
ಶಾಯಿಯಲ್ಲಿ: ಹಾಜರಿ ಯಂತ್ರ.
ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಷಡಕ್ಷರಿ. ನನ್ನದೇ ಅಕ್ಷರ,
ಬರೆದದ್ದು ಮರೆತೇ ಹೋಗಿತ್ತು.
ಹೋದ ವರ್ಷ ಕರೆದು ನೋಡಿದ್ದೆ, ಓಗೊಡಲಿಲ್ಲ;
ಖಾಲಿ ಎಂದುಕೊಂಡೆ.
ಷರಾದಲ್ಲಿ ಎರಡೇ ಪದ: ಹಿಂದೆ ನೋಡಿ.
ನಾನು ಹಾಳೆ ಮಗುಚಿರಲಿಲ್ಲ.

ಹಿಂದೆ, ಸಣ್ಣಕ್ಷರದಲ್ಲಿ:
"ಮರಳು ಹಿಡಿದು ಸವೆದ ಬೆರಳನ್ನು ಇದು ಒಪ್ಪುವುದಿಲ್ಲ.
ಐದು ಜನರ ಹಾಜರಿ ನಾನೇ ಕಣ್ಣಾರೆ ನೋಡಿ ಬರೆದಿದ್ದೇನೆ.
ಸಂಬಳ ಹಿಡಿಯಬಾರದು."
ಕೆರಿಯಪ್ಪ, ಬುಡನ್ ಸಾಬ್, ಸೆಲ್ವಂ,
ದೊಡ್ಡ ತಿಮ್ಲ, ಸಣ್ಣ ತಿಮ್ಲ.
ಒಬ್ಬೊಬ್ಬರ ಮುಂದೆ ಗೀಟು, ಬಂದ ದಿನಕ್ಕೊಂದು,
ಬೇಲಿಯ ಗೂಟದ ಹಾಗೆ ಒತ್ತೊತ್ತಾಗಿ.
ಸಣ್ಣ ತಿಮ್ಲನದು ಒಂದು ಆಗಸ್ಟಿನಲ್ಲಿ ನಿಂತಿದೆ.
ಯಾಕೆಂದು ಬರೆದಿಲ್ಲ.

ಷಡಕ್ಷರಿಯವರಿಗೆ ಅರವತ್ತೊಂದು ಕೊಟ್ಟೆ.
ಸಬ್‌ನೆಟ್ಟು, ಗೇಟ್‌ವೇ ಮೊದಲಿನ ಹಾಗೇ.
ಲಾರಿಗಳು ಹೊರಟವು, ಸಿಟ್ಟಿಗೆ ಒಂದು ಹಾರನ್ನು ಹೆಚ್ಚು ಹೊಡೆದು.
"ಮಷೀನೇ ಅಂತ ನಂಗೆ ಮೊದಲೇ ಗೊತ್ತಿತ್ತು" ಎಂದರು ಅವರು.
ಐರಿನ್ ಇನ್ನೂ ಚಹಾಕ್ಕೆ ಬಂದಿಲ್ಲ.

ಪೆನ್ಸಿಲ್ಲಿನ ಹೆಸರು ಉಜ್ಜಿದ ಕಡೆ
ಹಾಳೆ ಜುಂಗೆದ್ದಿದೆ.
ಷರಾದಲ್ಲಿ ಉಳಿದ ಜಾಗ ಬೆರಳಗಲ.
ಶಾಯಿ ಪೆನ್ನು ಹುಡುಕಿ ಬರೆದೆ: ಖಾಲಿಯಲ್ಲ.

ಮನೆಗೆ ಬಂದು ಗುತ್ಯಪ್ಪನವರಿಗೆ ಫೋನು ಮಾಡಿದೆ.
ರಿಂಗಾಗಿ ರಿಂಗಾಗಿ ನಿಂತಿತು.
ಕತ್ತಲಾಗಿತ್ತು.
ಇನ್ನೂ ಎರಡು ಸಲ ಬಾಕಿ ಇದೆ.