ಡಾಂಬರಿನ ಕೈ

ನನ್ನ ಹುಂಜ ಕೂಗಿದರೂ ಹೀಯುಮಾ ದ್ವೀಪದಲ್ಲಿ ಬೆಳಗಾಗುವುದಿಲ್ಲ.
ಡಿಸೆಂಬರಿನಲ್ಲಿ ಒಂಬತ್ತಕ್ಕೆ ಒಂದಿಷ್ಟು ಬೂದು,
ಮೂರೂವರೆಗೆ ಅದೂ ಮುಗಿಯಿತು.
ಉಳಿದ ಹೊತ್ತೆಲ್ಲ ಹನ್ನೊಂದು ಹೇಂಟೆ, ಒಂದು ಹುಂಜ
ಸೌನಾದ ಹಿಂದಿನ ಗೂಡಿನಲ್ಲಿ,
ಒಂದರ ಉಸಿರು ಇನ್ನೊಂದಕ್ಕೆ ತಾಗುತ್ತ.

ಮೊದಲು ಒಂದು ಗರಿ.
ಗರಿ ಉದುರುವುದುಂಟು, ಬಿಟ್ಟೆ.
ಆಮೇಲೆ ಗರಿಗಳೇ ಕಾಣಲಿಲ್ಲ,
ಯಾರೋ ಗುಡಿಸಿಟ್ಟ ಹಾಗೆ ನೆಲ ಚೊಕ್ಕ.
ಎಲ್ಲಿ ಹೋದವೆಂದು ತಿಳಿದದ್ದು
ಹಿಲ್ಯಾಳ ಬೆನ್ನಿಗೆ ಕೈಯಿಟ್ಟಾಗ.
ಬಾಲದ ಬುಡದಲ್ಲಿ ಅಂಗೈಯಗಲ ಬರಿ ಚರ್ಮ,
ಬಿಸಿ, ತೇವ, ಬೆರಳಿಗೆ ಕೆಂಪು.
ಕಿತ್ತದ್ದಷ್ಟೇ ಅಲ್ಲ, ತಿಂದಿದ್ದವು.

ಎಂಡೆಲ್ ಬಂದು ನೋಡಿದ.
ಮೂವತ್ತು ವರ್ಷ ಹಡಗಿನ ಇಂಜಿನ್ ನೋಡಿಕೊಂಡವನು,
ಬಿಚ್ಚಿ ನೋಡದೆ ಯಾವುದಕ್ಕೂ ತೀರ್ಪು ಕೊಡುವವನಲ್ಲ.
"ಜಾಗ ಸಾಲದು, ಮಾಯ್ಮು. ಅವಕ್ಕೆ ಕೆಲಸವಿಲ್ಲ.
ಹೊಟ್ಟೆಗೆ ಮೀನು ಬಿದ್ದಿಲ್ಲ.
ಬಲ್ಬು ಬೇರೆ ಹೀಗೆ ಉರೀತಿದೆ."
ಇಷ್ಟು ಹೇಳಿ, ನನ್ನ ಕಡೆ ನೋಡದೆ,
"ಇಲ್ಲಾ, ಶುರು ಮಾಡಿದ್ದು ಒಂದು ಇರುತ್ತೆ.
ಅದನ್ನ ಸಾರು ಮಾಡು."

ಎಲೆಕೋಸನ್ನು ಹಗ್ಗ ಕಟ್ಟಿ ತೂಗುಬಿಟ್ಟೆ,
ಅವುಗಳ ತಲೆಗಿಂತ ನಾಲ್ಕು ಬೆರಳು ಮೇಲೆ.
ಹುಲ್ಲಿನಲ್ಲಿ ಬಾರ್ಲಿ ಚೆಲ್ಲಿದೆ, ಕೆದಕುತ್ತ ಹೊತ್ತು ಹೋಗಲೆಂದು.
ಹೆರಿಂಗ್ ಮೀನಿನ ತಲೆ ಬೇಯಿಸಿ ಜಜ್ಜಿದೆ.
ಕೆಂಪು ಬಲ್ಬು ಹಾಕಿದೆ,
ಕೆಂಪಿನಲ್ಲಿ ಅವಕ್ಕೆ ರಕ್ತ ಕಾಣದೆಂದು.
ನನಗೂ ಕಾಣಲಿಲ್ಲ. ಅದು ಬೇರೆ ಮಾತು.

ಕೊನೆಗೆ ಅಮ್ಮನ ಡಬ್ಬಿ:
ಪೈನ್ ಬೇರಿನ ಡಾಂಬರು,
ದೋಣಿಯ ಅಡಿಗೆ, ಕುದುರೆಯ ಗೊರಸಿಗೆ,
ಒಮ್ಮೆ ಅಪ್ಪನ ಮೊಣಕಾಲಿಗೂ ಬಳಿದ ಅದೇ ಕಪ್ಪು.
ಹಿಲ್ಯಾಳ ಗಾಯದ ಸುತ್ತ ಸವರಿದೆ.
ಕುಕ್ಕಿದವಳ ಬಾಯಿ ಕಹಿಯಾಗಲಿ.

ಯಾರವಳು?
ಮಗುಚಿದ ಬಕೆಟ್ಟಿನ ಮೇಲೆ ಎರಡು ಗಂಟೆ ಕೂತೆ.
ಅನುಮಾನ ಕರಿಯವಳ ಮೇಲಿತ್ತು:
ದಪ್ಪ ಕಾಲು, ಜಗಳಗಂಟಿ,
ಕಾಳಿನ ತಟ್ಟೆಯೊಳಗೆ ನಿಂತೇ ತಿನ್ನುವವಳು.
ಅವಳು ಎಲೆಕೋಸಿನ ಜೊತೆ ಕಾದಾಟಕ್ಕೆ ಬಿದ್ದಿದ್ದಳು.

ಬಂದವಳು ತೀಯು.
ಆ ಸಲ ಒಡೆದ ಒಂದೇ ಮೊಟ್ಟೆಯಿಂದ ಬಂದವಳು,
ನನ್ನ ಉಣ್ಣೆ ಟೋಪಿಯಲ್ಲಿ, ಒಲೆಯ ಪಕ್ಕ ಬೆಳೆದವಳು,
ಈಗಲೂ ನಾನು ಕೂತರೆ ಮಡಿಲಿಗೆ ಏರುವವಳು.
ಮೆಲ್ಲಗೆ ಬಂದಳು. ಸಿಟ್ಟಿಲ್ಲ.
ತಲೆ ಓರೆ ಮಾಡಿ,
ಕಸೂತಿಯವಳು ದಾರ ಆರಿಸುವ ಹಾಗೆ
ಒಂದು ಗರಿ ಆರಿಸಿ, ಎಳೆದು, ನುಂಗಿದಳು.
ಡಾಂಬರು ಅವಳಿಗೆ ಕಹಿಯಲ್ಲ.
ಬೇಸಿಗೆಯಿಡೀ ದೋಣಿಗೆ ಬಳಿದ ನನ್ನ ಕೈಯ ವಾಸನೆ ಅದು,
ಆ ಕೈಯಿಂದಲೇ ಕಾಳು ತಿಂದವಳು.
ಹಿಲ್ಯಾ ಕದಲಲಿಲ್ಲ.
ಅದೊಂದು ನನಗೆ ಇನ್ನೂ ಅರ್ಥವಾಗಿಲ್ಲ.

ಸಾರಿನ ಪಾತ್ರೆಗೆ ನೀರು ತುಂಬಿ ಒಲೆಗಿಟ್ಟೆ.
ಕುದಿಯಿತು.
ಆಲೂಗಡ್ಡೆ ಹಾಕಿದೆ.

ಎಂಟು ದಿನ ತೀಯು ಅಡುಗೆಮನೆಯಲ್ಲಿ, ಸೇಬಿನ ಪೆಟ್ಟಿಗೆಯೊಳಗೆ.
ಅಷ್ಟರಲ್ಲಿ ಎಂಡೆಲ್ ಗೂಡಿನ ಗೋಡೆ ಕಿತ್ತು
ಸೌದೆ ಕೊಟ್ಟಿಗೆಯ ಅರ್ಧ ಸೇರಿಸಿದ.
ನಾನು ಹಳೆಯ ಪಟ್ಟೆ ಸ್ಕರ್ಟು ಕತ್ತರಿಸಿ
ಹಿಲ್ಯಾಳ ಬೆನ್ನಿಗೊಂದು ಕುಪ್ಪಸ ಹೊಲಿದೆ.
ಅಂಚೆಯ ವಿರ್ವೆ ಕಂಡು ನಕ್ಕಳು,
ನಗುತ್ತಲೇ ಗುಂಡಿ ಎಲ್ಲಿರಬೇಕೆಂದು ತೋರಿಸಿಕೊಟ್ಟಳು.

ಒಂಬತ್ತನೆಯ ದಿನ ಬಿಟ್ಟೆ.
ಕೋಳಿಗೆ ಎಂಟು ದಿನವೆಂದರೆ ಪರದೇಶ.
ಗೂಡು ಅವಳನ್ನು ಮರೆತಿತ್ತು.
ಮೊದಲು ಕರಿಯವಳು, ಆಮೇಲೆ ಎಲ್ಲರೂ.
ತೀಯು ಮೂಲೆಗೆ ಮುಖ ಮಾಡಿ ನಿಂತಳು,
ಬೆನ್ನು ಕೊಟ್ಟು, ಕದಲದೆ,
ಥೇಟು ಹಿಲ್ಯಾ ನಿಂತ ಹಾಗೆ.

ಡಬ್ಬಿಯ ತಳದಲ್ಲಿ ಎರಡು ಬೆರಳಿನಷ್ಟು ಉಳಿದಿದೆ.
ಇವತ್ತು ಮೂರೂ ಮುಕ್ಕಾಲಿಗೂ ಬೆಳಕಿತ್ತು.
ಎಲೆಕೋಸು ಮುಗಿದು ಬರೀ ಹಗ್ಗ ತೂಗುತ್ತಿದೆ,
ಕರಿಯವಳು ಅದನ್ನೂ ಬಿಟ್ಟಿಲ್ಲ.
ಕುಪ್ಪಸದ ಕೆಳಗೆ ಹಿಲ್ಯಾಳಿಗೆ ಸೂಜಿಮೊನೆಯಂಥ ನೀಲಿ ಮೊಳಕೆ.
ತೀಯುವಿಗೂ ಒಂದು ಹೊಲಿಯಬೇಕು.
ಸ್ಕರ್ಟಿನಲ್ಲಿ ಇನ್ನೂ ಬಟ್ಟೆ ಇದೆ.