ಇಲ್ಲ ಅಂತ ಬಂತು

ಅಕ್ಕಲಕೋಟ ರೋಡಿನ ಎಂಐಡಿಸಿ, ಯೆಮುಲ್ ಶೇಠರ ಕಾರಖಾನಿ.
ಆರು ಜಕಾರ್ಡ್ ಮಗ್ಗ ಸುಮ್ಮನ ನಿಂತಾವ.
ಹಳೇ ಕಂಪ್ಯೂಟರ್ ಶುಕ್ರವಾರ ಸುಟ್ಟು ಹೋತು,
ಹೊಸದರಾಗ ಹೊಸ ಕಂಪೈಲರ್.
ನವಿಲಿನ ಚಾದರ ನಲವತ್ತು ಡಜನ್
ಮಂಗಳವಾರ ಲಾರಿ ಹತ್ತಬೇಕು.

ಹಿಪ್ಪರಗಿ ಸರ್ ಬರೆದ ಪ್ರೋಗ್ರಾಂ.
ಚಿತ್ರ ಕೊಟ್ಟರ, ಯಾವ ಎಳಿ ಏಳಬೇಕು ಯಾವುದು ಇಳೀಬೇಕು
ಅಂತ ಮಗ್ಗಕ್ಕ ಬಿಡಿಸಿ ಹೇಳತದ.
ಅದನ್ನ ಕಟ್ಟೋಕಿಂತ ಮೊದಲ ಕಾನ್ಫಿಗರ್ ಸ್ಕ್ರಿಪ್ಟು ಓಡಿಸಬೇಕು.
ಹೆಣ್ಣು ನೋಡಾಕ ಬಂದ ಬೀಗರಂಗ ಒಂದೊಂದ ಕೇಳತದ:
ಕಂಪೈಲರ್ ಅದ ಏನ? ಅದ.
ಗಣಿತದ ಲೈಬ್ರರಿ? ಅದ.
ಮಗ್ಗದ ಲೈಬ್ರರಿ?
ಇಲ್ಲ.

ಇಲ್ಲಂದ್ರ ಹ್ಯಾಂಗ, ಈಗಷ್ಟೇ ನಾನೇ ಹಾಕೀನಿ.
ಫೋಲ್ಡರ್ ತೆರೆದು ತೋರಿಸಿದೆ, ಯಾರಿಗೆ ತೋರಿಸಿದೆನೋ.
ತೆಗೆದೆ, ಮತ್ತ ಹಾಕಿದೆ. ಮೂರು ಸಲ.
ಅಂಬಾದಾಸ ಚಹಾ ತಂದಿಟ್ಟು
ತೆಲುಗಿನಾಗ ಏನೋ ಅಂದ, ಮರಾಠಿಯೊಳಗ ನಕ್ಕ.

ರಾತ್ರಿ ಹತ್ತಕ್ಕ ಲಾಗ್ ತೆರೆದೆ. ಸಾವಿರದ ನಾನೂರು ಸಾಲು.
ಕೇಳಾಕಂತ ಸ್ಕ್ರಿಪ್ಟು ತಾನೇ ಒಂದು ಸಣ್ಣ ಪ್ರೋಗ್ರಾಂ ಬರೀತದ;
ಕಂಪೈಲ್ ಆದರ ಅದ, ಆಗದಿದ್ದರ ಇಲ್ಲ.
ಈ ಒಂದು ಪ್ರಶ್ನಿ ಮಾತ್ರ ಸರ್ ಸ್ವಂತ ಕೈಲೆ ಬರೆದದ್ದು,
ಬರೇ ಮೇನ್ ಅಂತ. ಅದರ ಹಿಂದ ಇಂಟ್ ಇಲ್ಲ.
ಹಳೇ ಕಂಪೈಲರ್ ಗೊಣಗಿ ಮುಂದ ಹೋಗತಿತ್ತು.
ಹೊಸದು ಹೊಸ್ತಿಲದಾಗ ತಡೀತದ: ನೀ ಯಾವ ನಮೂನಿ?

ಲೈಬ್ರರಿ ಇತ್ತು. ಪ್ರಶ್ನಿ ಮುರಿದಿತ್ತು.

ಗಣತಿಯವ ಬಂದಾಗ ಅವ್ವ ರೊಟ್ಟಿ ಬಡೀತಿದ್ದಳು.
ಓದಾಕ ಬರತದೇನು ಅಂತ ಮರಾಠಿಯೊಳಗ ಕೇಳಿದ.
ಏನಂದನೋ ತಿಳೀಲಿಲ್ಲ, ತಲಿ ಅಲ್ಲಾಡಿಸಿದಳು.
ಇಲ್ಲ ಅಂತ ಬರಕೊಂಡು ಹೋದ.
ಹಿಟ್ಟಿನ ಕೈ ತಾಗಿ ಹಾಳಿ ಬೆಳ್ಳಗಾದ ಪುರಾಣ
ಅಲ್ಲೇ ಗೂಡಿನಾಗ ಇತ್ತು.

ಇಂಟ್ ಬರೆದೆ. ಅದ ಅಂದಿತು.
ಅಷ್ಟಕ್ಕ ಮುಗಿದಿದ್ದರ ಮನಿಗೆ ಹೋಗಿ ಉಣ್ಣತಿದ್ದೆ.

ಮೇಕ್ ಅಂದ ಕೂಡಲೆ ಕೆಂಪು. ಏಳು ಫೈಲು.
ಈ ಫಂಕ್ಷನ್ನು ಯಾರು, ಮೊದಲ ಹೇಳಿಲ್ಲ ಅಂತದ.
ಬಾಯಿ ಮುಚ್ಚಿಸೋ ಫ್ಲ್ಯಾಗ್ ಒಂದು ಗೊತ್ತಿತ್ತು, ಹಾಕಿದೆ.
ಮುಚ್ಚಿತು. ಬಿಲ್ಡ್ ಆತು.
ಓಡಿಸಿದರ, ನವಿಲಿನ ಕುತ್ತಿಗಿಗೆ ಬಂದು ಸತ್ತು ಬಿತ್ತು.

ಹನ್ನೊಂದೂವರಿಗೆ ಹಿಪ್ಪರಗಿ ಸರಿಗೆ ಫೋನ್ ಮಾಡಿದೆ.
"ಆವಾಗ ಹೇಳೂದು ಬೇಕಾಗತಿರಲಿಲ್ಲ ತಂಗಿ, ಅದೇ ತಿಳಕೋತಿತ್ತು."
ಏನಂತ ತಿಳಕೋತಿತ್ತು ಸರ್?
"ಅಂಕಿ ಅಂತ."

ಅಂಕಿ ಅಲ್ಲ ಅದು, ವಿಳಾಸ.
ಹಳೇ ಯಂತ್ರದಾಗ ವಿಳಾಸ ಗಿಡ್ಡ,
ಅಂಕಿಯ ಚೀಲದಾಗ ಹಿಡೀತಿತ್ತು.
ಈಗ ಉದ್ದ ಆಗೇದ, ಮ್ಯಾಲಿನ ಅರ್ಧ ಹರಿದು ಬೀಳತದ.
ಮನಿ ನಂಬರ್ ಉಳೀತದ, ಓಣಿ ಉಳೀತದ,
ಊರ ಹೆಸರಿಲ್ಲ.

ಸರ್ ಸ್ವಲ್ಪ ಹೊತ್ತು ಏನೂ ಅನಲಿಲ್ಲ.
ಅವರ ಮನಿ ಫ್ಯಾನು ತಿರುಗೋದು ಕೇಳತಿತ್ತು.
"ಇಪ್ಪತ್ತೆಂಟು ವರ್ಷ ನಡೀತಲ್ಲ" ಅಂದರು.
ನಡೀತು ಸರ್.

ಫ್ಲ್ಯಾಗ್ ತೆಗೆದೆ.
ಸಂಜಿಯಿಂದ ಬೈದಿದ್ದೆ ಕಂಪೈಲರಿಗೆ, ಅದೂ ಕನ್ನಡದಾಗ;
ಒಂದಕ್ಕೂ ತಿರುಗಿ ಆಡಿರಲಿಲ್ಲ.
ಏಳು ಫೈಲಿನ ನೆತ್ತಿ ಮ್ಯಾಲ
ಯಾರು ಏನು ಒಯ್ಯತಾರ, ಏನು ತರತಾರ
ಅಂತ ಒಂದೊಂದ ಸಾಲು ಬರೆದೆ.
ಇಪ್ಪತ್ತೆಂಟು ವರ್ಷದ ಸುಮ್ಮನಿರೂದಕ್ಕ
ನಲವತ್ತು ನಿಮಿಷ ಹತ್ತಿತು.

ನಾಲ್ಕಕ್ಕ ಮೊದಲ ಮಗ್ಗ ಹೊಡಕೊಂತು.
ಮಾತು ಕೇಳದಂಗಾತು.
ನವಿಲು ಕುತ್ತಿಗಿ ದಾಟಿತು, ಕೊಕ್ಕು ಬಂತು, ಜುಟ್ಟು.
ಅಂಬಾದಾಸ ಬಟ್ಟಿ ಮ್ಯಾಲ ಅಂಗೈ ಆಡಿಸಿ
ನನ್ನ ಕಿವಿಗೆ ಬಾಯಿ ತಂದು, ಕನ್ನಡದಾಗ ಅಂದ:
"ಒಂದು ಎಳಿ ಸುಳ್ಳು ಹೇಳತದ, ಅಕ್ಕಾ."

ಒಂದು ಹಳದಿ ಎಚ್ಚರಿಕೆ,
ಸಾಲು ಮುನ್ನೂರ ಹನ್ನೆರಡು,
ನಿದ್ದಿ ಬಂದು ಬಿಟ್ಟಿದ್ದೆ ನಾನು.
ಅವನಿಗೆ ಹ್ಯಾಂಗ ಗೊತ್ತಾತು?