ಕಪ್ಪು ಹಾಕುವುದು

ಕೈಲ್‌ಪೊಳ್ದಿಗೆ ಇನ್ನು ಹನ್ನೊಂದು ದಿನ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ
ಪಪ್ಪನ ಬೆಂಚಿಗೆ ಇಪ್ಪತ್ಮೂರು ಕೋವಿ ಒರಗಿವೆ,
ಒಂದೊಂದರ ಕೊರಳಿಗೂ ಮನೆಹೆಸರಿನ ಚೀಟಿ.
ಹಬ್ಬದ ಬೆಳಗ್ಗೆ ಈ ಬಾಯಿಗಳಿಗೆಲ್ಲ
ತೋಕ್ ಪೂ ಸಿಕ್ಕಿಸುತ್ತಾರೆ.

ಪಪ್ಪನ ಬಲಗೈ ತೊಡೆಯ ಮೇಲಿದೆ.
ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇದೆ,
ಕಾಣದ ಗುಳಿಗೆಯೊಂದನ್ನು ಉರುಟು ಮಾಡುವ ಹಾಗೆ.
ನಿನ್ನೆ ಮಡಿಕೇರಿಯ ಡಾಕ್ಟರು ಬರೆದ ಹೆಸರನ್ನು
ನನ್ನ ಕೈಲಿ ಎರಡು ಸಲ ಓದಿಸಿದರು.
ಮೂರನೇ ಸಲ ಬೇಡ ಎಂದರು.

"ಕಾಲೇಜಲ್ಲಿ ನೀನು ಹೇಳಿಕೊಡೋದು ಇದನ್ನೇ ಅಲ್ವಾ, ಸೆವ್ರಿ?
ಹೇಳು, ಒಳಗೆ ಏನಾಗ್ತಿದೆ?"

ತುಕ್ಕು, ಎಂದೆ.

ನಕ್ಕರು. ಐವತ್ತು ವರ್ಷ
ಅದರಿಂದಲೇ ಅನ್ನ ಉಂಡವರು.

ಉಸಿರಾಡಿದ್ದೆಲ್ಲ ಒಲೆಗೆ ಹೋಗುತ್ತದೆ, ಪಪ್ಪ.
ಒಂದೊಂದು ಕೋಶದೊಳಗೂ ಸಾವಿರಾರು ಒಲೆ;
ಕಿಡಿ ಹಾರದ ಒಲೆ ಯಾವುದಿದೆ?
ಒಂಟಿ ಎಲೆಕ್ಟ್ರಾನ್ ಹೊತ್ತ ಆಮ್ಲಜನಕ
ಜೊತೆ ಹುಡುಕುತ್ತ ಸಿಕ್ಕಿದ್ದನ್ನು ಕಚ್ಚುತ್ತದೆ,
ಪೊರೆಯ ಕೊಬ್ಬನ್ನು, ಬರಹದ ಎಳೆಯನ್ನು.
ಚರ್ಮ ಸುಟ್ಟರೆ ಹೊಸದು ಬರುತ್ತದೆ.
ಇವು ನೀವು ಹುಟ್ಟಿದಾಗ ಬಂದವು,
ಬಿಡಿಭಾಗ ಸಿಗದ ಹಳೇ ವಿಲಾಯಿತಿ ಬಂದೂಕಿನ ಹಾಗೆ.

"ಸುಮ್ಮನೆ ಕಚ್ಚಿಸಿಕೊಂಡು ಕೂತಿವೆಯಾ ಮತ್ತೆ?"

ಇಲ್ಲ. ಕಿಡಿಯನ್ನು ಹಾರಿದಲ್ಲೇ ಹಿಡಿಯುವ ಕಿಣ್ವವಿದೆ,
ಹಿಡಿದು ಪೆರಾಕ್ಸೈಡ್ ಮಾಡುತ್ತದೆ,
ಗಾಯಕ್ಕೆ ಸುರಿದರೆ ನೊರೆಯೇಳುವ ಅದೇ.
ಅದನ್ನು ಬರೀ ನೀರಾಗಿಸಲು ಗ್ಲುಟಾಥಯೋನ್
ತಾನು ಸುಟ್ಟುಕೊಂಡು, ಎದ್ದು, ಮತ್ತೆ ಸುಟ್ಟುಕೊಳ್ಳುತ್ತದೆ.

ಇನ್ನೊಬ್ಬ ದೂತ ಇದ್ದಾನೆ.
ನೆಮ್ಮದಿಯ ದಿನಗಳಲ್ಲಿ ಹುಟ್ಟಿ
ಅರ್ಧ ಗಂಟೆ ಕಾಣದೆ ಸಾಯುವವ;
ಕಾವಲಿನವನೇ ಹಿಡಿದು ಕೊಲೆಗೆ ಒಪ್ಪಿಸುತ್ತಾನೆ.
ದಿನವೂ, ಸಾಲು ಸಾಲು ದೂತರು, ದಂಡಕ್ಕೆ.
ಆದರೆ ಹೊಗೆಯೇರಿದ ದಿನ
ಮೊದಲು ಸುಡುವುದು ಕಾವಲಿನವನ ಕೈ.
ಹಿಡಿತ ಸಡಿಲುತ್ತದೆ.
ಆ ಹೊತ್ತಿನ ದೂತ ಸಾಯದೆ ನಡುಮನೆಗೆ ಓಡಿ
ಮಡಿಚಿಟ್ಟ ಹಳೇ ಓಲೆ ಬಿಚ್ಚಿ ಕೂಗುತ್ತಾನೆ:
ಎಣ್ಣೆ ತನ್ನಿ. ಬಟ್ಟೆ ತನ್ನಿ. ಏಳಿ, ಎಲ್ಲರೂ ಏಳಿ.

ಪಪ್ಪ ಎಡಗೈಯಲ್ಲಿ ಅರ ಹುಡುಕುತ್ತಿದ್ದರು.
ಕೇಳಿಸಿತೋ ಇಲ್ಲವೋ.

"ಕೆಟ್ಟಿರೋದು ಯಾವ ಜಾಗ?"

ಮಿದುಳಿನ ಬುಡದಲ್ಲಿ ಒಂದು ಕಪ್ಪು ಪಟ್ಟಿ.
ಅಲ್ಲಿಯ ಕೋಶಗಳು ಕಬ್ಬಿಣವನ್ನು
ಕಪ್ಪಿನೊಳಗೆ ಕಟ್ಟಿ ಬೀಗ ಹಾಕುತ್ತವೆ,
ಹೊರಗಿದ್ದರೆ ಕಿಡಿ ಜಾಸ್ತಿ ಎಂದು.
ವಯಸ್ಸಾದಷ್ಟೂ ಕಪ್ಪು.
ನಿಮ್ಮಲ್ಲಿ ಆ ಪಟ್ಟಿ ಮಾಸುತ್ತಿದೆ.

ಆಗ ಮೊದಲ ಸಲ ನನ್ನ ಕಡೆ ತಿರುಗಿದರು.
"ಕಪ್ಪು ಹಾಕೋದು ಅವಕ್ಕೂ ಗೊತ್ತಾ?"

ಇನಾಸ್ ಗನ್ ವರ್ಕ್ಸಿನ ಗುಟ್ಟೇ ಅದು:
ತಿಕ್ಕಿ ಬೆಳ್ಳಗಾದ ನಳಿಗೆಗೆ ಹುಳಿ ಸವರಿ
ರಾತ್ರಿಯ ತೇವಕ್ಕೆ ಬಿಡುವುದು. ಬೆಳಗ್ಗೆ ಕೆಂಪು ತುಕ್ಕು.
ಕುದಿವ ನೀರಲ್ಲಿ ಮುಳುಗಿಸಿದರೆ ಆ ಕೆಂಪೇ ಕಪ್ಪು.
ಬ್ರಷ್ಷಿಂದ ಕೆರೆದು, ಮತ್ತೆ ಹುಳಿ, ಮತ್ತೆ ತೇವ, ಏಳು ಸಲ.
ತುಕ್ಕಿನದೇ ಅಂಗಿ ತೊಡಿಸಿ ತುಕ್ಕನ್ನು ಹೊರಗಿಡುವುದು.
ಆಗಸ್ಟಿನಲ್ಲಿ ಈ ಊರಿನ ಗಾಳಿ
ಅರ್ಧ ಕೆಲಸ ಪುಕ್ಕಟೆ ಮಾಡಿಕೊಡುತ್ತದೆ ಎನ್ನುವರು.

ಹೇಳಲು ಉಳಿದದ್ದು ನಕ್ಷತ್ರದಾಕಾರದ ಕೋಶಗಳ ಮಾತು.
ತಾವು ಒಂದು ಸಂದೇಶವನ್ನೂ ಸಿಡಿಸದೆ
ಪಕ್ಕದಲ್ಲಿ ಕೂತು, ಸಿಡಿಸುವವರಿಗೆ
ಗ್ಲುಟಾಥಯೋನಿನ ಸಾಮಾನು ಒದಗಿಸುತ್ತಲೇ ಇರುವವು.

"ಅವಕ್ಕೆ ಸಂಬಳ?" ಎಂದರು ಪಪ್ಪ.
ಆಮೇಲೆ, "ನೀರು ಕುದೀತಾ ನೋಡು.
ಆ ಜೋಡುನಳಿಗೆ ಕೊಡು."

ಅರ ಎತ್ತಿಕೊಂಡ ಬಲಗೈ ನಡುಗಲಿಲ್ಲ.
ಕೆಳಗಿಟ್ಟಾಗ, ಮತ್ತೆ.

ಎರಡನೆಯದನ್ನು ಕೊಟ್ಟೆ. ಮೂರನೆಯದನ್ನು,
ಮೊದಲಿನದು ಬೆಂಚು ಮುಟ್ಟುವ ಮುಂಚೆಯೇ.
ಎಂಟನೆಯದಕ್ಕೆ ಗದರಿದರು:
"ಏನವಸರ ನಿಂಗೆ? ಊಟಕ್ಕೆ ಬಿಡ್ತೀಯೋ ಇಲ್ವೋ?"